ಮಗು ಯಾರ ಜೊತೆ, ಯಾವ ದಿನ, ಎಷ್ಟು ಹೊತ್ತು?

ಗಂಡ–ಹೆಂಡತಿ ಬೇರೆಯಾದ ಮೇಲೆ ಮಕ್ಕಳ ಸುಪರ್ದಿ ಹೇಗೆ ತೀರ್ಮಾನವಾಗುತ್ತದೆ ಎಂದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. ಮಕ್ಕಳ ಗುರುತು ಹೊರಬೀಳಬಾರದೆಂದು ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ. ಉತ್ತರಗಳು ಕೌಟುಂಬಿಕ ಪ್ರಕರಣ ನಡೆಸುವ ವಕೀಲರು ಮತ್ತು ಆಪ್ತಸಮಾಲೋಚಕರವು.

ಪ್ರಶ್ನೆ: ನನಗೆ ನಾಲ್ಕು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಇಬ್ಬರೂ ನನ್ನ ಜೊತೆಗಿದ್ದಾರೆ. ‘ತಂದೆಯೇ ಸಹಜ ಪಾಲಕ, ಹದಿನೈದು ದಿನದೊಳಗೆ ಮಕ್ಕಳನ್ನು ಒಪ್ಪಿಸಿ’ ಎಂದು ನಮ್ಮ ಯಜಮಾನರು ವಕೀಲರಿಂದ ನೋಟಿಸ್ ಕೊಡಿಸಿದ್ದಾರೆ. ನನ್ನದು ಟೈಲರಿಂಗ್ ಸಂಪಾದನೆ, ಅವರದ್ದು ಸರ್ಕಾರಿ ನೌಕರಿ. ಮಕ್ಕಳು ಅವರ ಪಾಲಾಗುತ್ತಾರಾ? — ನಿಟುವಳ್ಳಿ, ದಾವಣಗೆರೆ

ಉತ್ತರ: ಅದು ವಕೀಲರ ಪತ್ರ, ಕೋರ್ಟಿನ ಆದೇಶವಲ್ಲ. ನೋಟಿಸ್ ಬಂತೆಂದು ಮಕ್ಕಳನ್ನು ಒಪ್ಪಿಸಬೇಕಾಗಿಲ್ಲ. ಹಾಗಂತ ಉತ್ತರ ಕೊಡದೆ ಸುಮ್ಮನಿರಲೂಬೇಡಿ. ಮಕ್ಕಳು ಇಂಥ ವಿಳಾಸದಲ್ಲಿ ನನ್ನ ಜೊತೆಗಿದ್ದಾರೆ, ಇಂಥ ಶಾಲೆಗೆ ಹೋಗುತ್ತಿದ್ದಾರೆ, ತಂದೆ ಬಂದು ನೋಡಲು ನನ್ನ ಅಡ್ಡಿಯಿಲ್ಲ ಎಂದು ಲಿಖಿತ ಉತ್ತರ ಹೋಗಲಿ. ಆ ಕೊನೆಯ ಮಾತಿಗೆ ಮುಂದೆ ಕೋರ್ಟಿನಲ್ಲಿ ಬಹಳ ತೂಕ ಬರುತ್ತದೆ.

ಈಗ ‘ಸಹಜ ಪಾಲಕ’ದ ವಿಷಯ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ ತಂದೆ, ಆತನ ‘ನಂತರ’ ತಾಯಿ ಎಂದಿರುವುದು ನಿಜ. ಆದರೆ ಅದೇ ಸೆಕ್ಷನ್, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದೂ ಹೇಳುತ್ತದೆ. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಮಾತ್ರ ಎಂದಲ್ಲ, ಆತ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿ ಪಾಲಕಿಯೇ ಎಂದು ಸುಪ್ರೀಂ ಕೋರ್ಟ್ 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಎಲ್ಲಕ್ಕಿಂತ ದೊಡ್ಡದು ಅದೇ ಕಾಯ್ದೆಯ 13ನೇ ಸೆಕ್ಷನ್: ಮಗುವಿನ ಹಿತವೇ ಪರಮ, ಯಾರ ಹಕ್ಕೂ ಅದಕ್ಕಿಂತ ಮೇಲಲ್ಲ. ನೋಟಿಸ್ ಬರೆಯುವವರು ಸಾಮಾನ್ಯವಾಗಿ 6ನೇ ಸೆಕ್ಷನ್‌ಗೇ ನಿಲ್ಲಿಸಿಬಿಡುತ್ತಾರೆ.

ಸಂಬಳದ ವಿಷಯಕ್ಕೆ ಹೆದರಬೇಡಿ. ಹೆಚ್ಚು ದುಡಿಯುವವರಿಗೇ ಮಗು ಎಂಬ ನಿಯಮವಿಲ್ಲ. ದುಡ್ಡಿನ ಕೊರತೆಯನ್ನು ತುಂಬಲು ಜೀವನಾಂಶ ಇದೆ. ನ್ಯಾಯಾಧೀಶರು ನೋಡುವುದು ಮಗುವಿನ ದಿನಚರಿಯನ್ನು. ಬೆಳಿಗ್ಗೆ ಎಬ್ಬಿಸಿ ಬುತ್ತಿ ಕಟ್ಟುವವರು ಯಾರು? ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಓಡಿದವರು ಯಾರು? ಶಾಲೆಯ ಪೋಷಕರ ಸಭೆಗೆ ಹೋಗಿ ಸಹಿ ಮಾಡುತ್ತಿದ್ದವರು ಯಾರು? ಅಪ್ಪ ಡ್ಯೂಟಿಗೆ ಹೋದ ಮೇಲೆ ಸಂಜೆ ತನಕ ಮಗುವನ್ನು ನೋಡಿಕೊಳ್ಳುವವರು ಯಾರು? 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ ಮಗುವಿನ ವಯಸ್ಸು, ಲಿಂಗ, ಧರ್ಮ, ಕೇಳುವವರ ನಡತೆ ಮತ್ತು ಸಾಮರ್ಥ್ಯ, ಮಗುವಿನೊಂದಿಗೆ ಅವರ ಹಿಂದಿನ ಒಡನಾಟ ಎಂದೆಲ್ಲ ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ತುಂಬುವುದು ಇಂಥ ಸಣ್ಣ ಸಂಗತಿಗಳೇ. ಅಣ್ಣ–ತಂಗಿಯನ್ನು ಬೇರೆ ಬೇರೆ ಮನೆಗೆ ಹಂಚಲು ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ ಎಂಬುದೂ ನಿಮ್ಮ ಪರ ಇದೆ.

ಹಾಗಾಗಿ ಈಗಿನಿಂದಲೇ ಕಾಗದ ಕೂಡಿಡಿ: ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ಮತ್ತು ಲಸಿಕೆಯ ದಾಖಲೆ, ನಿಮ್ಮ ಸಹಿ ಇರುವ ಶಾಲಾ ಡೈರಿ, ಫೀ ರಸೀದಿ, ವೈದ್ಯರ ಚೀಟಿ, ಮನೆ ಬಾಡಿಗೆ ಕರಾರು, ನಿಮ್ಮ ಆದಾಯಕ್ಕೆ ಏನಾದರೂ ಆಧಾರ. ಗಂಡನ ಮೇಲಿನ ಇಪ್ಪತ್ತು ಪುಟದ ದೂರಿಗಿಂತ ಈ ಒಂದು ಕಡತ ಹೆಚ್ಚು ಕೆಲಸ ಮಾಡುತ್ತದೆ. ಆತ ಕೆಟ್ಟ ಗಂಡನೋ ಅಲ್ಲವೋ ಎಂಬುದು ವಿಚ್ಛೇದನದ ಅರ್ಜಿಗೆ ಬೇಕು. ಸುಪರ್ದಿಯಲ್ಲಿ ಅದು ಮಗುವಿಗೆ ತಟ್ಟಿದ ಮಟ್ಟಿಗೆ ಮಾತ್ರ ಲೆಕ್ಕ.

ವಕೀಲರ ಫೀಜಿಗೆ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಪ್ರಶ್ನೆ: ಏಳು ತಿಂಗಳ ಹಿಂದೆ ಹೆಂಡತಿ ನಮ್ಮ ಆರು ವರ್ಷದ ಮಗನನ್ನು ಕರೆದುಕೊಂಡು ಹೊಸದುರ್ಗದ ತವರುಮನೆಗೆ ಹೋದವಳು ವಾಪಸ್ ಬಂದಿಲ್ಲ. ಅಲ್ಲೇ ಶಾಲೆಗೆ ಸೇರಿಸಿದ್ದಾಳೆ. ಫೋನ್ ಕೊಡುವುದಿಲ್ಲ. ಠಾಣೆಯಲ್ಲಿ ಇದು ಸಿವಿಲ್ ವಿಷಯ ಎಂದರು. ಶಾಲೆ ಬಿಡುವ ಹೊತ್ತಿಗೆ ಹೋಗಿ ಕರೆದುಕೊಂಡು ಬಂದುಬಿಡು ಎಂದು ನಮ್ಮವರು ಹೇಳುತ್ತಿದ್ದಾರೆ. — ಹರಿಹರ

ಉತ್ತರ: ಆ ಕೆಲಸ ಮಾತ್ರ ಮಾಡಬೇಡಿ. ನೀವು ತಂದೆಯೇ ಇರಬಹುದು, ಆದರೆ ಶಾಲೆಯ ಗೇಟಿನಲ್ಲಿ ಎಳೆದಾಟವಾದರೆ ಮಗು ಹೆದರುತ್ತದೆ, ಅವರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ತಂದು ಹಾಜರುಪಡಿಸಿ ಎಂಬ ಅರ್ಜಿ, ಹಾಕುತ್ತಾರೆ. ಇಷ್ಟು ದಿನ ‘ಮಗನನ್ನು ನೋಡಲು ಬಿಡುತ್ತಿಲ್ಲ’ ಎಂದು ದೂರು ಹೇಳುತ್ತಿದ್ದ ನೀವೇ ಮರುದಿನದಿಂದ ಉತ್ತರ ಹೇಳಬೇಕಾದವರಾಗುತ್ತೀರಿ.

ಮೊದಲು ಎಲ್ಲಿ ಅರ್ಜಿ ಹಾಕಬೇಕು ಎಂಬುದು. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟು. ನಾಲ್ಕು ದಿನಕ್ಕೆಂದು ಕರೆದೊಯ್ದಿದ್ದರೆ ಊರು ಹರಿಹರವೇ ಎನ್ನಬಹುದಿತ್ತು. ಏಳು ತಿಂಗಳಾಗಿ ಶಾಲೆಯ ದಾಖಲಾತಿಯೂ ಆದ ಮೇಲೆ ಆ ವಾದ ನಿಲ್ಲುವುದು ಕಷ್ಟ. ದಾವಣಗೆರೆಯಲ್ಲಿ ಹಾಕಿ, ‘ವ್ಯಾಪ್ತಿ ಇಲ್ಲ’ ಎಂಬ ತಕರಾರಿನ ಮೇಲೆಯೇ ವಾಯಿದೆ ಮೇಲೆ ವಾಯಿದೆ ಕಳೆದು, ಕೊನೆಗೆ ಅರ್ಜಿ ವಾಪಸ್ ಪಡೆದು ಚಿತ್ರದುರ್ಗಕ್ಕೆ ಹೋಗುವವರು ಬಹಳ. ಅಷ್ಟರಲ್ಲಿ ಮಗು ಮುಂದಿನ ತರಗತಿಗೆ ಹೋಗಿ ಅಲ್ಲೇ ಬೇರು ಬಿಟ್ಟಿರುತ್ತದೆ. ಒಂದು ಬೇರೆ ದಾರಿಯಿದೆ. ನೀವಿಬ್ಬರೂ ಕೊನೆಯದಾಗಿ ಒಟ್ಟಿಗೆ ಬಾಳಿದ್ದು ಹರಿಹರದಲ್ಲಾದ್ದರಿಂದ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ್ದೋ ಮರುಕೂಡಿಕೆಯದ್ದೋ ಅರ್ಜಿ ಇಲ್ಲಿ ಹಾಕಿದ್ದರೆ, ಅದರೊಳಗೇ 26ನೇ ಸೆಕ್ಷನ್‌ನಡಿ ಮಗುವಿನ ಬಗ್ಗೆ ಆದೇಶ ಕೇಳಬಹುದು. ಆಗ ಹೆಂಡತಿ ಪ್ರಕರಣವನ್ನು ಚಿತ್ರದುರ್ಗ ಜಿಲ್ಲೆಗೆ ವರ್ಗಾಯಿಸಿ ಎಂದು ಹೈಕೋರ್ಟಿಗೆ ಹೋಗಬಹುದು, ಹೆಂಗಸರ ಅನನುಕೂಲವನ್ನು ಹೈಕೋರ್ಟ್ ಸಾಮಾನ್ಯವಾಗಿ ಗಮನಿಸುತ್ತದೆ. ಆ ಲೆಕ್ಕ ಹಾಕಿಕೊಂಡೇ ಹೊರಡಿ. ವಿಚ್ಛೇದನ ಬೇಡ, ಮಗನನ್ನು ನೋಡಿದರೆ ಸಾಕು ಎನ್ನುವುದಾದರೆ ಅವನಿರುವ ಕಡೆಯೇ ಅರ್ಜಿ ಹಾಕುವುದು ಬೇಗ ಮುಗಿಯುವ ದಾರಿ. ಜಿಲ್ಲಾ ಕೇಂದ್ರದ ಕೌಟುಂಬಿಕ ನ್ಯಾಯಾಲಯವೋ, ತಾಲ್ಲೂಕಿನ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟೋ ಎಂಬುದನ್ನು ಹೊಸದುರ್ಗದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮೂಲ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿ, ಅಂದರೆ ಐ.ಎ., ಹಾಕಿಸಿ. ಇಲ್ಲಿ ಬಹಳಷ್ಟು ತಂದೆಯರು ಎಡವುತ್ತಾರೆ: ‘ಮಗನ ಸುಪರ್ದಿ ನನಗೆ ಕೊಡಿ’ ಎಂದಷ್ಟೇ ಕೇಳುತ್ತಾರೆ. ಆರು ವರ್ಷದ ಮಗುವನ್ನು ವಿಚಾರಣೆಗೆ ಮುಂಚೆಯೇ ತಾಯಿಯಿಂದ ಬಿಡಿಸಿ ಕೊಡುವುದು ಅಪರೂಪ, ಐ.ಎ. ವಜಾ ಆಗುತ್ತದೆ, ಭೇಟಿಯೂ ಇಲ್ಲದಂತಾಗುತ್ತದೆ. ‘ಅದು ಸಾಧ್ಯವಿಲ್ಲವಾದರೆ ಪ್ರಕರಣ ಮುಗಿಯುವ ತನಕ ವಾರಕ್ಕೊಮ್ಮೆ ಭೇಟಿ, ದಿನ ಬಿಟ್ಟು ದಿನ ವಿಡಿಯೊ ಕರೆ’ ಎಂಬ ಪರ್ಯಾಯ ಕೋರಿಕೆ ಅದೇ ಐ.ಎ.ಯಲ್ಲಿ ಇರಲಿ. ಮಗು ಒಬ್ಬರ ಬಳಿ ಇದ್ದಾಗಲೂ ಇನ್ನೊಬ್ಬರ ಜೊತೆ ಮಾತು, ಭೇಟಿ ಉಳಿಯಬೇಕು, ದೂರದ ಊರಿನಲ್ಲಿದ್ದರೆ ವಿಡಿಯೊ ಕರೆಯಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ಹೇಳಿದ್ದನ್ನು ವಕೀಲರು ಎತ್ತಿ ತೋರಿಸಲಿ.

ನೋಟಿಸ್ ಜಾರಿಗೆ ಪ್ರೋಸೆಸ್ ಫೀ ಕಟ್ಟಿ, ಹೆಂಡತಿಯ ಈಗಿನ ವಿಳಾಸ ಸರಿಯಾಗಿ ಕೊಡಿ. ಹರಿಹರದ ಹಳೇ ವಿಳಾಸ ಕೊಟ್ಟು ‘ಮನೆಯಲ್ಲಿಲ್ಲ’ ಎಂಬ ಷರಾ ಬರೆಸಿಕೊಂಡು ವಾಪಸ್ ಬರುವ ನೋಟಿಸ್‌ಗಳಿಂದಲೇ ಎಷ್ಟೋ ವಾಯಿದೆ ವ್ಯರ್ಥ. ಆಕೆ ಹಾಜರಾಗಿ ತಕರಾರು ಹಾಕಿದ ಮೇಲೆ ಇಬ್ಬರನ್ನೂ ಆಪ್ತಸಮಾಲೋಚನೆಗೋ ಮಧ್ಯಸ್ಥಿಕೆಗೋ ಕಳಿಸುತ್ತಾರೆ. ರಾಜಿಗೆ ಯತ್ನಿಸುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕೋರ್ಟಿನ ಕರ್ತವ್ಯ. ಅಲ್ಲಿಗೆ ನೆಂಟರಿಷ್ಟರ ದಂಡು ಕಟ್ಟಿಕೊಂಡು ಹೋಗಬೇಡಿ. ರಾಜಿಯಾಗದಿದ್ದರೆ ಪ್ರಮಾಣಪತ್ರದ ಸಾಕ್ಷ್ಯ, ಪಾಟೀಸವಾಲು, ವಾದ, ಆದೇಶ. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ನಮ್ಮ ಎರಡೂ ಜಿಲ್ಲೆಯವರಿಗೆ ಅದು ಬೆಂಗಳೂರು ಪೀಠ.

ಒಂದು ಮಾತು ಕಿವಿಯ ಮೇಲಿರಲಿ. ಮಧ್ಯಂತರ ಭೇಟಿ ಸಿಕ್ಕ ಮೇಲೆ ಒಂದನ್ನೂ ತಪ್ಪಿಸಬೇಡಿ. ಕೊನೆಯ ಆದೇಶ ಬರೆಯುವಾಗ ನ್ಯಾಯಾಧೀಶರ ಮುಂದೆ ಇರುವ ಅತ್ಯಂತ ಗಟ್ಟಿ ಪುರಾವೆ ಎಂದರೆ ಆ ಮಧ್ಯಂತರ ಏರ್ಪಾಡು ಹೇಗೆ ನಡೆಯಿತು ಎಂಬುದೇ.

ಪ್ರಶ್ನೆ: ರಾಜಿಯಲ್ಲಿ ವಿಚ್ಛೇದನ ಆಯಿತು. ‘ತಂದೆ ಭಾನುವಾರ ಮಗುವನ್ನು ನೋಡಬಹುದು’ ಎಂದು ಒಂದು ಸಾಲು ಬರೆದಿದ್ದಾರೆ. ಈಗ ಪ್ರತಿ ಭಾನುವಾರವೂ ಜಗಳ. ಎಷ್ಟು ಹೊತ್ತು, ಎಲ್ಲಿ, ಯಾರ ಜೊತೆ, ಒಂದೂ ಇಲ್ಲ. ಮಗಳಿಗೆ ಏಳು ವರ್ಷ. ಈ ಆದೇಶ ಬದಲಿಸಲು ಬರುತ್ತದೆಯೇ? — ವಿದ್ಯಾನಗರ, ದಾವಣಗೆರೆ

ಉತ್ತರ: ಬರುತ್ತದೆ. ರಾಜಿಯಲ್ಲಿ ಆದ ಸುಪರ್ದಿ ಆದೇಶವೂ ಕಲ್ಲಿನ ಶಾಸನವಲ್ಲ, ಮಗುವಿನ ಹಿತಕ್ಕೆ ಬೇಕಾದಾಗ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಅದೇ ಕೋರ್ಟಿನಲ್ಲಿ ಮಾರ್ಪಾಡಿಗೆ ಅರ್ಜಿ ಹಾಕಿ. ಇಬ್ಬರೂ ಒಪ್ಪುವುದಾದರೆ ಜಂಟಿ ಮೆಮೊ ಸಾಕು.

ವಿಚ್ಛೇದನದ ರಾಜಿ ಪತ್ರಗಳಲ್ಲಿ ಒಡವೆಗೆ ಎರಡು ಪುಟ, ನಗದಿಗೆ ಒಂದು ಪುಟ, ಮಗುವಿಗೆ ಒಂದು ಸಾಲು. ಜಗಳ ಹುಟ್ಟುವುದು ಅಲ್ಲೇ. ಜಂಟಿ ಮೆಮೊದಲ್ಲಿ ಬರೆಯಬೇಕಾದ್ದು ಹೇಗಿರಬೇಕೆಂದು ಒಂದು ಷರತ್ತನ್ನೇ ಕೊಡುತ್ತೇವೆ:

‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ 2 ಗಂಟೆಗೆ ತಂದೆಯು ತಾಯಿಯ ಮನೆಯ ಗೇಟಿನಲ್ಲಿ ಮಗುವನ್ನು ಕರೆದುಕೊಂಡು ಹೋಗಿ, ಮರುದಿನ ಭಾನುವಾರ ಸಂಜೆ 5 ಗಂಟೆಗೆ ಅದೇ ಸ್ಥಳದಲ್ಲಿ ಒಪ್ಪಿಸತಕ್ಕದ್ದು. ಉಳಿದ ಭಾನುವಾರಗಳಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಭೇಟಿ. ತಡವಾದರೆ 30 ನಿಮಿಷ ಕಾಯತಕ್ಕದ್ದು. ನಂತರ ಆ ದಿನದ ಭೇಟಿ ರದ್ದು. ಮಗುವಿಗೆ ಅನಾರೋಗ್ಯವಿದ್ದಲ್ಲಿ ತಾಯಿಯು ವೈದ್ಯರ ಚೀಟಿಯ ಫೋಟೊವನ್ನು ಬೆಳಿಗ್ಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸತಕ್ಕದ್ದು ಮತ್ತು ಮುಂದಿನ ವಾರ ಅಷ್ಟೇ ಅವಧಿಯ ಬದಲಿ ಭೇಟಿ ಕೊಡತಕ್ಕದ್ದು.’

ಶನಿವಾರ ಮಧ್ಯಾಹ್ನ ಎಂದು ಹಾಕಿದ್ದು ಅಂದು ಶಾಲೆ ಅರ್ಧ ದಿನ ಎಂಬುದಕ್ಕೆ. ‘ಬದಲಿ ಭೇಟಿ’ ಎಂಬ ಮಾತು ಮುಖ್ಯ. ಅದಿಲ್ಲದಿದ್ದರೆ ‘ನೆಗಡಿ’ ಎಂಬ ಕಾರಣ ತಿಂಗಳಿಗೆ ಮೂರು ಸಲ ಬರತೊಡಗುತ್ತದೆ. ಅರ್ಧ ಗಂಟೆಯ ಮಿತಿ ಇಬ್ಬರನ್ನೂ ಕಾಯುತ್ತದೆ: ಅಪ್ಪ ಬರುತ್ತಾನೆಂದು ಮಗು ಹೊಸ ಬಟ್ಟೆ ಹಾಕಿಕೊಂಡು ಸಂಜೆ ತನಕ ಬಾಗಿಲಲ್ಲಿ ಕೂರುವುದು ತಪ್ಪುತ್ತದೆ, ಐದು ನಿಮಿಷ ತಡವಾದ್ದಕ್ಕೆ ಬಾಗಿಲು ಹಾಕಿಕೊಳ್ಳುವುದೂ ತಪ್ಪುತ್ತದೆ.

ಸ್ಥಳದ ವಿಷಯ. ಇಬ್ಬರೂ ಎದುರುಬದುರಾದರೆ ಮಾತು ಬೆಳೆಯುವುದಾದರೆ ಗೇಟು ಬೇಡ. ಶುಕ್ರವಾರವೋ ಶನಿವಾರವೋ ಶಾಲೆಯಿಂದಲೇ ತಂದೆ ಕರೆದೊಯ್ದು, ಸೋಮವಾರ ಶಾಲೆಗೇ ಬಿಡುವಂತೆ ಬರೆಸಿದರೆ ಹಸ್ತಾಂತರದ ಸಂಕಟವೇ ಇರುವುದಿಲ್ಲ. ಆದೇಶದ ಪ್ರತಿಯನ್ನು ಮುಖ್ಯಶಿಕ್ಷಕರಿಗೆ ಕೊಟ್ಟಿರಬೇಕು ಅಷ್ಟೆ. ಹಗಲಿನ ಭೇಟಿಗೆ ಗಾಜಿನ ಮನೆ, ಕುಂದವಾಡ ಕೆರೆಯ ದಂಡೆಯಂಥ ತೆರೆದ ಜಾಗ ಒಳ್ಳೆಯದು. ಕೋರ್ಟ್ ಆವರಣದಲ್ಲಿ ಭೇಟಿ ಎಂದು ಕೆಲವು ಆದೇಶಗಳಲ್ಲಿರುತ್ತದೆ. ನಂಬಿಕೆ ಪೂರ್ತಿ ಹೋಗಿದ್ದಾಗ ಮೊದಲ ಕೆಲವು ಸಲಕ್ಕೆ ಅದು ಸರಿ. ಅದನ್ನೇ ವರ್ಷಗಟ್ಟಲೆ ಮುಂದುವರಿಸಿದರೆ ಕಪ್ಪು ಕೋಟು, ಪೊಲೀಸರ ನಡುವೆ ಬೆಂಚಿನ ಮೇಲೆ ಕೂತು ಚಿಪ್ಸ್ ತಿನ್ನುವುದೇ ಅಪ್ಪನ ಜೊತೆಗಿನ ಸಮಯ ಎಂದು ಮಗು ತಿಳಿಯುತ್ತದೆ. ನಾಲ್ಕೈದು ಭೇಟಿ ಸರಿಯಾಗಿ ನಡೆದ ಮೇಲೆ ಹೊರಗಿನ ಸ್ಥಳಕ್ಕೆ ಬದಲಿಸಿ ಎಂದು ಕೇಳಿ.

ಹಬ್ಬಗಳನ್ನು ಹೆಸರು ಹಿಡಿದು ಬರೆಯಿರಿ. ಯುಗಾದಿ ಈ ವರ್ಷ ತಾಯಿಯ ಮನೆಯಲ್ಲಾದರೆ ಮುಂದಿನ ವರ್ಷ ತಂದೆಯ ಮನೆಯಲ್ಲಿ, ದೀಪಾವಳಿ ಅದಕ್ಕೆ ಉಲ್ಟಾ. ದುಗ್ಗಮ್ಮನ ಜಾತ್ರೆ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ, ಹಾಗಾಗಿ ‘ವರ್ಷ ಬಿಟ್ಟು ವರ್ಷ’ ಎಂದು ಬರೆದರೆ ಪ್ರತಿ ಜಾತ್ರೆಯೂ ಒಬ್ಬರಿಗೇ ಹೋಗಿಬಿಡುತ್ತದೆ. ‘ಒಂದು ಜಾತ್ರೆ ಬಿಟ್ಟು ಒಂದು’ ಎಂದು ಬರೆಯಬೇಕು. ನಗೆ ಬರಬಹುದು, ಜಗಳಗಳು ಹುಟ್ಟುವುದು ಇಂಥಲ್ಲೇ. ಮಗುವಿನ ಹುಟ್ಟಿದ ದಿನ ಇಬ್ಬರಿಗೂ ಎರಡೆರಡು ಗಂಟೆ. ಬೇಸಿಗೆ ರಜೆಯಲ್ಲಿ ಮೊದಲರ್ಧ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ. ಶಾಲೆ ತೆರೆಯುವ ಒಂದು ವಾರ ಮುಂಚೆ ಮಗು ಖಾಯಂ ಮನೆಗೆ ಬಂದಿರಬೇಕು, ಪುಸ್ತಕ ಸಮವಸ್ತ್ರದ ಕೆಲಸ ಇರುತ್ತದೆ.

ಇನ್ನುಳಿದದ್ದು: ವಿಡಿಯೊ ಕರೆ ವಾರಕ್ಕೆ ಮೂರು ದಿನ ಸಂಜೆ 7ರಿಂದ 7.20. ಆ ಹೊತ್ತಿನಲ್ಲಿ ಫೋನ್ ಸ್ಪೀಕರ್‌ನಲ್ಲಿಟ್ಟು ಪಕ್ಕದಲ್ಲಿ ಕೂತು ಕೇಳಬಾರದು, ಮಗುವಿನ ಕೈಯಲ್ಲಿ ರೆಕಾರ್ಡ್ ಮಾಡಿಸಬಾರದು. ಅಂಕಪಟ್ಟಿ, ಪೋಷಕರ ಸಭೆಯ ಸೂಚನೆ ಇಬ್ಬರಿಗೂ ಹೋಗಬೇಕು. ಆಪರೇಷನ್, ಶಾಲೆ ಬದಲಾವಣೆ, ಪಾಸ್‌ಪೋರ್ಟ್‌ಗೆ ಇಬ್ಬರ ಒಪ್ಪಿಗೆಯೂ ಬೇಕು. ಮಗುವಿಗೆ ಆಸ್ತಮಾದಂಥದ್ದಿದ್ದರೆ ಔಷಧಿಯ ಹೆಸರು, ಎಷ್ಟು ಸಲ ಎಂಬ ಚೀಟಿ ಬ್ಯಾಗಿನಲ್ಲೇ ಇರಬೇಕು.

ಸಮಯ ಸರಿಸಮ ಹಂಚಿ ಎಂದು ಕೇಳುವವರೂ ಇದ್ದಾರೆ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಂದು ಪ್ರಕರಣದಲ್ಲಿ ವರ್ಷದ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಎಂದು ಜಂಟಿ ಸುಪರ್ದಿ ಕೊಟ್ಟಿದೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾಯ್ದೆಯಲ್ಲೇ ಜಾಗ ಮಾಡಿಕೊಡಬೇಕು ಎಂದು ಶಿಫಾರಸು ಮಾಡಿತು. ಎರಡು ಮನೆಗಳೂ ಒಂದೇ ಶಾಲೆಗೆ ಹತ್ತಿರವಿದ್ದು, ಅಪ್ಪ–ಅಮ್ಮ ಹೋಂವರ್ಕ್, ಔಷಧಿಯ ಬಗ್ಗೆಯಾದರೂ ಮಾತಾಡಿಕೊಳ್ಳುವಂತಿದ್ದರೆ ಅದು ನಡೆಯುತ್ತದೆ. ಗೇಟಿನ ಬಳಿ ನಿಂತೇ ಜಗಳವಾಡುವವರಿಗೆ ಅದು ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಆದೇಶ ಸ್ಪಷ್ಟವಾದ ಮೇಲೂ ಅವರು ಕಳಿಸದಿದ್ದರೆ ದಿನಾಂಕ, ಗಂಟೆ, ಹೇಳಿದ ಕಾರಣ ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಅವತ್ತೇ ಒಂದು ಸಭ್ಯ ಸಂದೇಶ ಕಳಿಸಿ, ನಂತರ ಜಾರಿ ಅರ್ಜಿ ಹಾಕಿ. ‘ಭಾನುವಾರ ನೋಡಬಹುದು’ ಎಂಬ ಆದೇಶವನ್ನು ಯಾವ ಕೋರ್ಟೂ ಜಾರಿ ಮಾಡಿಸಲಾರದು, ಉಲ್ಲಂಘನೆ ಆಯಿತೆಂದು ತೋರಿಸುವುದಾದರೂ ಹೇಗೆ?

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ. ಅವನನ್ನೇ ಕೇಳಿ ತೀರ್ಮಾನಿಸುತ್ತಾರಂತೆ. ಕೋರ್ಟಿನಲ್ಲಿ ಏನು ಹೇಳಬೇಕೆಂದು ಅವನಿಗೆ ಹೇಳಿಕೊಡುವುದು ತಪ್ಪೇ? — ಚಿತ್ರದುರ್ಗ

ಉತ್ತರ: ತಪ್ಪು, ಮತ್ತು ಸಿಕ್ಕಿಬೀಳುತ್ತೀರಿ. ತಿಳಿವಳಿಕೆಯಿಂದ ಇಷ್ಟ ಹೇಳುವಷ್ಟು ಮಗು ದೊಡ್ಡದಾಗಿದ್ದರೆ ಅದನ್ನು ಕೋರ್ಟ್ ಪರಿಗಣಿಸಬಹುದು ಎಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್‌ನ ಮೂರನೇ ಉಪಸೆಕ್ಷನ್ ಹೇಳುತ್ತದೆ. ಇಂತಿಷ್ಟೇ ವಯಸ್ಸು ಎಂದಿಲ್ಲ. ‘ಪರಿಗಣಿಸಬಹುದು’ ಎಂದಷ್ಟೇ, ಮಗು ಹೇಳಿದ್ದೇ ತೀರ್ಪಲ್ಲ.

ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಕೊಠಡಿಗೆ ಕರೆಸಿಕೊಂಡು, ವಕೀಲರನ್ನೂ ಅಪ್ಪ–ಅಮ್ಮನನ್ನೂ ಹೊರಗೆ ನಿಲ್ಲಿಸಿ ಮಾತಾಡಿಸುತ್ತಾರೆ. ಮೊದಲು ಕ್ರಿಕೆಟ್, ಗೆಳೆಯರು, ಯಾವ ಪಾಠ ಕಷ್ಟ ಎಂಬ ಮಾತು. ಆಮೇಲೆ ನಿಧಾನಕ್ಕೆ ಮನೆಯ ವಿಷಯ. ಹನ್ನೆರಡು ವರ್ಷದವನ ಬಾಯಿಂದ ‘ನನ್ನ ತಂದೆ ಮಾನಸಿಕ ಹಿಂಸೆ ನೀಡಿರುತ್ತಾರೆ’ ಎಂಬ ಅರ್ಜಿಯ ಭಾಷೆ ಬಂದರೆ ಅದು ಎಲ್ಲಿಂದ ಬಂತೆಂದು ಕೂತವರಿಗೆ ತಿಳಿಯುತ್ತದೆ. ಒಬ್ಬರ ಮೇಲೆ ಮಗುವಿನ ಮನಸ್ಸು ಕೆಡಿಸುವುದನ್ನೇ ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ಗಂಭೀರವಾಗಿ ತೆಗೆದುಕೊಂಡಿದೆ. ಬೇಕೆನಿಸಿದರೆ ಮನಃಶಾಸ್ತ್ರಜ್ಞರ ವರದಿಯನ್ನೂ ಕೋರ್ಟ್ ತರಿಸಿಕೊಳ್ಳಬಹುದು.

ಮಗನಿಗೆ ಹೇಳಬೇಕಾದದ್ದು ಇಷ್ಟೇ: ಜಡ್ಜ್ ಮೇಡಂ ಕೇಳಿದ್ದಕ್ಕೆ ನಿನಗೆ ಅನಿಸಿದ್ದನ್ನು ಹೇಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಯಾರೂ ಬೈಯುವುದಿಲ್ಲ. ಕರೆಸದ ಹೊರತು ವಾಯಿದೆಗೆ ಅವನನ್ನು ಕರೆತರಬೇಡಿ. ವಿಚಾರಣೆ ಗುಟ್ಟಾಗಿ ನಡೆಯಬೇಕೆಂದು ನೀವು ಕೇಳಿದರೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕೋರ್ಟ್ ಹಾಗೆ ನಡೆಸಲೇಬೇಕು.

ಪ್ರಶ್ನೆ: ಎಂಟು ತಿಂಗಳಿಂದ ಜೀವನಾಂಶ ಕೊಟ್ಟಿಲ್ಲ. ದುಡ್ಡು ಕೊಡುವ ತನಕ ಮಗುವನ್ನು ತೋರಿಸುವುದಿಲ್ಲ ಎನ್ನಬಹುದೇ? — ಚನ್ನಗಿರಿ

ಉತ್ತರ: ಬೇಡ. ಭೇಟಿ ಮಗುವಿನ ಹಕ್ಕು, ಜೀವನಾಂಶವೂ ಮಗುವಿನ ಹಕ್ಕು; ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡಲಾಗದು. ನೀವು ಭೇಟಿ ನಿಲ್ಲಿಸಿದರೆ ಆತನ ಬಾಕಿಯ ಮಾತು ಹಿಂದೆ ಸರಿದು ನಿಮ್ಮ ತಪ್ಪು ಮುಂದೆ ಬರುತ್ತದೆ.

ಬಾಕಿಗೆ ಬೇರೆ ದಾರಿ ಗಟ್ಟಿಯಾಗಿಯೇ ಇದೆ. ಆದೇಶ ಹಳೇ ಸಿಆರ್‌ಪಿಸಿ 125ರ ಅಡಿಯದ್ದೋ, 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್‌ದೋ ಆಗಿದ್ದರೆ ವಸೂಲಿಗೆ ವಾರಂಟ್ ಕೇಳಿ. ಕಟ್ಟದ ಪ್ರತಿ ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಅಲ್ಲಿದೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಎಂಟು ತಿಂಗಳಾಗಿದೆ ಎಂದಿದ್ದೀರಿ, ಇನ್ನು ಕಾಯಬೇಡಿ. ಮೊತ್ತ ಹೆಚ್ಚಿಸಬೇಕಿದ್ದರೆ ಇಬ್ಬರೂ ಆಸ್ತಿ–ಸಾಲ–ಆದಾಯದ ಪ್ರಮಾಣಪತ್ರ ಹಾಕಬೇಕು, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಸುಳ್ಳು ಬರೆದವರಿಗೆ ಪಾಟೀಸವಾಲಿನಲ್ಲಿ ಕಷ್ಟ.

ಪ್ರಶ್ನೆ: ತಲಾಖ್ ಆಗಿದೆ, ಮಗನಿಗೆ ಎಂಟು ವರ್ಷ. ಏಳಾದ ಮೇಲೆ ಗಂಡುಮಗು ಅಪ್ಪನಿಗೆ ಎನ್ನುತ್ತಾರೆ. ನಾನು ಮತ್ತೆ ಮದುವೆಯಾದರೆ ಹಕ್ಕು ಪೂರ್ತಿ ಹೋಗುತ್ತದಂತೆ. — ಆಜಾದ್ ನಗರ, ದಾವಣಗೆರೆ

ಉತ್ತರ: ಹನಫಿ ಪದ್ಧತಿಯ ಹಿಜಾನತ್ (ತಾಯಿ ಮಗುವನ್ನು ತನ್ನ ಬಳಿ ಇಟ್ಟುಕೊಂಡು ಸಾಕುವ ಹಕ್ಕು) ನಿಯಮದಲ್ಲಿ ಗಂಡುಮಗು ಏಳು ವರ್ಷದ ತನಕ, ಹೆಣ್ಣುಮಗು ಪ್ರಾಯಕ್ಕೆ ಬರುವ ತನಕ ತಾಯಿಯ ಬಳಿ ಎಂದಿದೆ. ಮಗುವಿಗೆ ನೆಂಟನಲ್ಲದವರನ್ನು ತಾಯಿ ಮದುವೆಯಾದರೆ ತೊಡಕು ಎಂದೂ ಇದೆ. ಆದರೆ ಪ್ರಕರಣ ಬರುವುದು ಅದೇ 1890ರ ಕಾಯ್ದೆಯಡಿ, ಅದೇ ಕೌಟುಂಬಿಕ ನ್ಯಾಯಾಲಯಕ್ಕೆ. ಅಲ್ಲಿ ವೈಯಕ್ತಿಕ ಕಾನೂನನ್ನು ಗಮನಿಸಿದರೂ ಕೊನೆಗೆ ನಿಲ್ಲುವುದು ಮಗುವಿನ ಹಿತ. ಏಳು ತುಂಬಿದ ಮರುದಿನ ಮಗುವನ್ನು ಕೊಟ್ಟುಬಿಡಬೇಕೆಂದೇನೂ ಇಲ್ಲ. ಮರುಮದುವೆಯ ಯೋಚನೆಯಿದ್ದರೆ ಅದನ್ನು ಮುಚ್ಚಿಡಬೇಡಿ. ಹೊಸ ಮನೆಯಲ್ಲಿ ಮಗನಿಗೆ ಜಾಗ, ಶಾಲೆ, ಹೊಂದಾಣಿಕೆ ಹೇಗೆ ಎಂದು ನೀವೇ ಮೊದಲು ಹೇಳಿ.

ಪ್ರಶ್ನೆ: ಮಗಳು ತೀರಿಕೊಂಡಳು. ಅಳಿಯ ಮೊಮ್ಮಗಳನ್ನು ನಮಗೆ ತೋರಿಸುತ್ತಿಲ್ಲ. ನಾವು ಸಾಕುತ್ತೇವೆ ಎಂದು ಕೇಳಬಹುದೇ? — ಚಳ್ಳಕೆರೆ

ಉತ್ತರ: ತಂದೆ ಬದುಕಿದ್ದು, ಅಯೋಗ್ಯನೆಂದು ಕೋರ್ಟಿಗೆ ಕಾಣದ ತನಕ ಬೇರೆಯವರನ್ನು ಪಾಲಕರಾಗಿ ನೇಮಿಸಲು 1890ರ ಕಾಯ್ದೆಯ 19ನೇ ಸೆಕ್ಷನ್ ಬಿಡುವುದಿಲ್ಲ. ತಾಯಿ ತೀರಿಕೊಂಡ ಮೇಲೆ ಆಕೆಯ ಒಡಹುಟ್ಟಿದವರ ಬಳಿ ಬೆಳೆಯುತ್ತಿದ್ದ ಮಗುವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತಂದೆಗೇ ಒಪ್ಪಿಸಿದ್ದಿದೆ. ಹಾಗಾಗಿ ‘ಸುಪರ್ದಿ’ ಎಂದು ಹಟ ಹಿಡಿ­ಯದೆ ಭೇಟಿಯನ್ನು ಕೇಳಿ: ತಿಂಗಳಿಗೆ ಒಂದು ದಿನ, ವಾರಕ್ಕೊಂದು ಕರೆ, ರಜೆಯಲ್ಲಿ ಕೆಲವು ದಿನ. ಅಳಿಯನ ಮೇಲೆ ನಿಜಕ್ಕೂ ಗಂಭೀರ ಆಕ್ಷೇಪವಿದ್ದು ಪಾಲಕತ್ವವನ್ನೇ ಕೇಳುವುದಾದರೆ, ನೀವು ಆ ಹೊಣೆ ಹೊರಲು ಸಿದ್ಧ ಎಂಬ ಘೋಷಣೆಗೆ ನಿಮ್ಮ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣ ಬೇಕು. ಅದಿಲ್ಲದೆ ಹಾಕಿದ ಅರ್ಜಿಗೆ ಕಚೇರಿಯ ಆಕ್ಷೇಪಣೆಯಲ್ಲೇ ತಡೆ ಬೀಳುತ್ತದೆ.

ಪ್ರಶ್ನೆ: ಮಗಳು ನನ್ನ ಸುಪರ್ದಿಯಲ್ಲಿದ್ದಾಳೆ, ತಂದೆಗೆ ಪ್ರತಿ ಶನಿವಾರ ಭೇಟಿ. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಹೋಗಬಹುದೇ? — ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಹೋಗಿ, ಆದರೆ ಮೊದಲು ಅರ್ಜಿ, ಆಮೇಲೆ ಸಾಮಾನು. ಹೇಳದೆ ಹೋದರೆ ಮೊದಲ ಶನಿವಾರವೇ ಆದೇಶದ ಉಲ್ಲಂಘನೆ. ಅರ್ಜಿಯಲ್ಲಿ ನೇಮಕಾತಿ ಪತ್ರ, ಹೊಸ ಶಾಲೆಯ ವಿವರ, ನೀವು ಕಚೇರಿಯಲ್ಲಿರುವಾಗ ಮಗಳನ್ನು ನೋಡಿಕೊಳ್ಳುವವರು ಯಾರು ಎಂಬುದು ಇರಲಿ. ಕಳೆದುಹೋಗುವ ಶನಿವಾರಗಳಿಗೆ ಬದಲು ನೀವೇ ಒಂದು ಲೆಕ್ಕ ಮುಂದಿಡಿ. ಸುಮಾರು 260 ಕಿಲೋಮೀಟರ್ ದೂರಕ್ಕೆ ವಾರ ವಾರ ಓಡಾಟ ಮಗುವಿಗೆ ಆಗದ ಮಾತು. ತಿಂಗಳಿಗೊಮ್ಮೆ ಎರಡು ದಿನ, ದಸರಾ ರಜೆ ಪೂರ್ತಿ, ಬೇಸಿಗೆ ರಜೆಯ ಹೆಚ್ಚಿನ ಪಾಲು ತಂದೆಗೆ. ರೈಲಿನ ಖರ್ಚು ಒಂದು ಸಲ ನಿಮ್ಮದು, ಒಂದು ಸಲ ಅವರದ್ದು. ಇಂಥ ಲೆಕ್ಕದೊಂದಿಗೆ ಬಂದವರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಬೇಸಿಗೆ ರಜೆಯ ಏರ್ಪಾಡು ಬಯಸುವ ಎಲ್ಲರಿಗೂ ಇದು ಅನ್ವಯಿಸುತ್ತದೆ: ಶಾಲೆಗೆ ರಜೆ ಇರುವ ಮೇ ತಿಂಗಳಲ್ಲೇ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ಏಪ್ರಿಲ್ ಕೊನೆಯಲ್ಲಿ ಐ.ಎ. ಹಾಕಿದರೆ ಎದುರಿನವರ ತಕರಾರು ಬರುವ ಹೊತ್ತಿಗೆ ಮಗು ಮತ್ತೆ ಶಾಲೆಯಲ್ಲಿರುತ್ತದೆ. ಫೆಬ್ರವರಿಯಲ್ಲೇ ಹಾಕಿ, ಮಾರ್ಚ್ ಮುಗಿಯುವುದರೊಳಗೆ ಆದೇಶದ ದೃಢೀಕೃತ ಪ್ರತಿ ಕೈಯಲ್ಲಿರಲಿ.